ಅಂಡ್

ಪಡಿಯಾರ್ ಅಂಡ್ ಸನ್ಸ್ ಎಂದು
ಗೋಡೆಯ ನೆತ್ತಿಯಲ್ಲಿ ಗಾರೆಯಿಂದಲೇ ಉಬ್ಬಿಸಿ ಬರೆಸಿದ್ದರು,
ಹಂಪನಕಟ್ಟೆಯಲ್ಲಿ ಯಾವ ಬಸ್ಸಿನಿಂದ ಇಳಿದರೂ ಕಾಣುವ ಹಾಗೆ.
ಆಗ ಇದ್ದ ಮಗ ಒಬ್ಬನೇ, ಅವನೂ ತೊಟ್ಟಿಲಲ್ಲಿ.
ಬೋರ್ಡು ಮೊದಲು ಬಂತು, ಮುಕುಂದ ಆಮೇಲೆ ಬಂದ
ಎಂದು ಉಪೇಂದ್ರ ಪಡಿಯಾರರು ಗಿರಾಕಿಗಳ ಎದುರೇ ನಗುವರು.

ನಾನು ಸೇರಿದ್ದು ಗಜ ಹೋಗಿ ಮೀಟರು ಬಂದ ವರ್ಷ.
ಜೆಪ್ಪುವಿನಿಂದ ನಡೆದು ಬಂದ ಸೆವ್ರಿನ್, ಹತ್ತೊಂಬತ್ತು ವಯಸ್ಸು,
ಬಟನ್ ಕೌಂಟರಿಗೆ ತಿಂಗಳಿಗೆ ನಲವತ್ತೈದು ರೂಪಾಯಿ.
ಹಳೆಯ ಹಿತ್ತಾಳೆಯ ಗಜಕೋಲನ್ನು ಧಣಿಗಳು ಬಿಸಾಡಲಿಲ್ಲ.
ಮೀಟರಿನಲ್ಲಿ ಅಳೆದು, ಕತ್ತರಿ ಇಡುವ ಮೊದಲು
ಒಂದು ಬೆರಳು ಸರಿಸಿ ಕೊಡಬೇಕು, ಅದು ಅಂಗಡಿಯ ಮಾತು.
ಸರ್ಕಾರ ಕೋಲು ಬದಲಿಸಬಹುದು ಮಗಾ,
ಬೆರಳು ನಮ್ಮದೇ ಅಲ್ಲವಾ?

ಕೆಳಗೆ ಕೊಡೆ, ಟ್ರಂಕು, ಸೆಂಟಿನ ಬಾಟಲಿ.
ಮೆಟ್ಟಿಲು ಹತ್ತಿದರೆ ಜವಳಿ.
ಹಂಚಿನ ಬಿಸಿ ಇಳಿಯುವ ಅಟ್ಟದಲ್ಲಿ ನಾಲ್ವರು ದರ್ಜಿಗಳು,
ಬನಿಯನ್ನಿನಲ್ಲೇ, ಬಾಯಿ ತುಂಬ ಗುಂಡುಸೂಜಿ.
ದುಡ್ಡು ಮಾತ್ರ ನಡೆಯುತ್ತಿರಲಿಲ್ಲ, ಹಾರುತ್ತಿತ್ತು:
ಮರದ ಬಟ್ಟಲಿಗೆ ನೋಟು ತುರುಕಿ ಹಗ್ಗ ಎಳೆದರೆ
ತಂತಿಯ ಮೇಲೆ ಸುಯ್ಯೆಂದು ಓಡಿ
ಎತ್ತರದ ಗೂಡಿನಲ್ಲಿ ಕೂತ ಕ್ಯಾಶಿಯರ್ ವೆಂಕಟ್ರಾಯರ ಮೂಗಿನ ಮುಂದೆ
ಟಣ್.
ಚಿಲ್ಲರೆಯೊಂದಿಗೆ ವಾಪಸು.
ಬಂದರಿನ ಕಡೆಯಿಂದ ಬಂದ ಬ್ಯಾರಿ ಮಕ್ಕಳು
ಅದನ್ನು ನೋಡಲೆಂದೇ ಅಮ್ಮನ ಕೈಲಿ ಒಂದೊಂದೇ ರಿಬ್ಬನ್ನು ಕೊಳ್ಳಿಸುವರು.
ನನ್ನ ಮದುವೆಯ ಕೆಂಪು ಸಾಡೊ ಸೀರೆಯ ಬಿಲ್ಲೂ ಹಾಗೇ ಹಾರಿತು.
ಚಿಲ್ಲರೆಯ ಜೊತೆ ಬಟ್ಟಲಲ್ಲಿ
ಬಿಲ್ಲೂ ಮರಳಿ ಬಂತು, ಅಡ್ಡಗೀಟು ಎಳೆದು.

ಮೇ ಕೊನೆಯ ವಾರ ಬಂದರೆ ನಮಗೆ ಊಟವಿಲ್ಲ.
ಯೂನಿಫಾರಂ, ಯೂನಿಫಾರಂ, ಕೊಡೆ, ಯೂನಿಫಾರಂ.
ಯಾವ ಶಾಲೆಯ ನೀಲಿ ಯಾವುದು ಎಂದು
ಕಣ್ಣು ಮುಚ್ಚಿ, ಬಟ್ಟೆ ಉಜ್ಜಿ ಹೇಳುತ್ತಿದ್ದೆ.

ಧಣಿಗಳು ತೀರಿಕೊಂಡ ಮೇಲೆ ಕೋರ್ಟಿನಲ್ಲಿ ಎಂಟು ವರ್ಷ.
ಕೊನೆಗೆ ಅಂಗಡಿಯ ನಟ್ಟನಡುವೆ ಗೋಡೆ ಎದ್ದಿತು.
ಗೋಕುಲದಾಸರಿಗೆ ಮೆಟ್ಟಿಲು, ಮುಕುಂದರಿಗೆ ನೀರಿನ ಟಾಂಕಿ.
ಹತ್ತಬಲ್ಲವರಿಗೆ ನೀರಿಲ್ಲ, ನೀರಿದ್ದವರಿಗೆ ಹತ್ತಲು ಬಿದಿರೇಣಿ.
ಬಟನ್ನುಗಳನ್ನೂ ಬಿಡಲಿಲ್ಲ.
ಇಬ್ಬರು ಗುಮಾಸ್ತರು ಚಾಪೆ ಹಾಸಿ ಎರಡು ದಿನ ಎಣಿಸಿದರು,
ಒಂದು ಉಳಿಯಿತು.
ಗಲಾಟೆ ಬೇಡ ಬಾಯಿ, ಇದು ನಿಮಗೆ, ಎಂದರು.
ಚಿಪ್ಪಿನದು, ನಾಲ್ಕು ತೂತು,
ಯಾವ ರವಿಕೆಗೂ ಹೊಂದದು.

ಗೋಡೆ ಮುಂಭಾಗವನ್ನೂ ಸೀಳಿ ಹೊರಗೆ ಚಾಚಿತ್ತು,
ಬೋರ್ಡಿನ ನಡುವಿನ ಪದವನ್ನು ನುಂಗಿತ್ತು.
ಎಡಕ್ಕೆ ಪಡಿಯಾರ್. ಬಲಕ್ಕೆ ಸನ್ಸ್.
ಪಡಿಯಾರ್‌ನಲ್ಲಿ ಆಮೇಲೆ ಮೊಬೈಲು ರಿಪೇರಿ,
ಸನ್ಸ್‌ನಲ್ಲಿ ಹಣ್ಣಿನ ಜ್ಯೂಸು.
ಎಷ್ಟೋ ಜನ ಅದನ್ನು ಬಿಸಿಲಿನ ಹೆಸರೆಂದೇ ತಿಳಿದಿದ್ದರು.

ಮೊನ್ನೆ ರಸ್ತೆ ಅಗಲ ಮಾಡಲು ಜೇಸಿಬಿ ಬಂತು.
ಮೊದಲು ಬಿದ್ದದ್ದು ನಡುಗೋಡೆ,
ಹಳೆಯ ಗೋಡೆಗೆ ಅದು ಯಾವತ್ತೂ ಅಂಟಿಕೊಂಡಿರಲಿಲ್ಲವಂತೆ.
ಧೂಳು ಇಳಿದಾಗ ಬಸ್‌ಸ್ಟಾಪಿನಿಂದ ನೋಡಿದೆ:
ಅಕ್ಕಪಕ್ಕದ ಅಕ್ಷರಗಳೆಲ್ಲ ಪಾಚಿ, ಪೋಸ್ಟರಿನ ಅಂಟು,
ನಡುವೆ ಮಳೆಯನ್ನೇ ಕಾಣದ, ಬಾಣಂತಿಕೋಣೆಯ ಬಿಳುಪಿನ
ಅಂಡ್.

ಶಾಲೆಯ ಹುಡುಗನೊಬ್ಬ ಅದನ್ನು ಜೋರಾಗಿ ಓದಿ
ತನ್ನ ಅಂಡು ತಟ್ಟಿ ತೋರಿಸಿ ನಕ್ಕ.
ಗೆಳೆಯರೂ ನಕ್ಕರು. ನಾನೂ ತಡೆಯಲಾಗಲಿಲ್ಲ.
ಮಳೆ ಹಿಡಿಯುವ ಮೊದಲು ಅದನ್ನೂ ಇಳಿಸಿ
ಎಂದು ಮೇಸ್ತ್ರಿ ಕೂಗುತ್ತಿದ್ದ.

ಜೆಪ್ಪುವಿನ ಬಸ್ಸು ಬಂತು.
ಹತ್ತಲಿಲ್ಲ.
ಹಿಂದೆ ಇನ್ನೊಂದು ಇದೆ ಎಂದ ಕಂಡಕ್ಟರು.
ಇರಲಿ, ಎಂದೆ.