ಪಾಯಿಂಟ್ ಎರಡು

ಹೂಮಳೆ ಈ ಸಲವೂ ಕೈಕೊಟ್ಟಿತು.
ಸಿದ್ದಾಪುರದ ಸುತ್ತ ತೋಟತೋಟದಲ್ಲೂ ಸ್ಪ್ರಿಂಕ್ಲರು,
ನನ್ನ ಅಂಗಡಿ ಮುಂದೆ ಸುಟ್ಟ ಮೋಟಾರುಗಳ ಸಾಲು,
ವಾರ್ನಿಷಿನ ವಾಸನೆ ಮಧ್ಯಾಹ್ನದ ಅನ್ನದಲ್ಲೂ.

ಚೆಂಗಪ್ಪನವರದು ತಿಂಗಳಲ್ಲಿ ಮೂರನೇ ಸಲ.
"ನಿನ್ನ ವೈಂಡಿಂಗೇ ಸರಿಯಿಲ್ಲ. ಮೊಯ್ದು ಇದ್ದಿದ್ದರೆ..."
ಮೊಯ್ದು ಇದ್ದಿದ್ದರೆ ಮೋಟಾರು ಬಿಚ್ಚುವ ಮೊದಲು
ತಂತಿಯ ಜೊತೆ ಒಂದು ಸುತ್ತು ನಡೆಯುತ್ತಿದ್ದರು.
ನಾನೂ ನಡೆದೆ.

ಉಪ್ಪ ಓದಿದ್ದು ಐದನೇ ಕ್ಲಾಸು.
ಅಂಗಡಿಯ ಮಸಿಗೋಡೆಯಲ್ಲಿ ಸೀಮೆಸುಣ್ಣದ ತ್ರಿಕೋನ:
ತುದಿಯಲ್ಲಿ ವೋಲ್ಟು, ಬುಡದಲ್ಲಿ ಆಂಪಿಯರು, ಓಮು.
"ಬೇಕಾದ್ದರ ಮೇಲೆ ಬೆರಳಿಡು ಮೋಳೆ,
ಉಳಿದ ಎರಡೂ ಸೇರಿ ಅದರ ಹೆಸರು ಹೇಳುತ್ತವೆ."
ಪಕ್ಕದಲ್ಲೇ ಇನ್ನೊಂದು, ವಾಟಿನದು, ಸ್ವಲ್ಪ ಸೊಟ್ಟ.
ಅವರು ಹೋದ ವರ್ಷ ಸುಣ್ಣ ಹೊಡೆಸಿದೆ,
ಆ ಮೂಲೆ ಬಿಟ್ಟು.

ಮೀಟರಿನ ಬಳಿ ಇನ್ನೂರ ಇಪ್ಪತ್ತೆಂಟು.
ತೋಡಿನ ಪಂಪಿನ ಬಳಿ ನೂರ ಎಂಬತ್ತೆಂಟು.
ನಲವತ್ತು ವೋಲ್ಟು ದಾರಿಯಲ್ಲೇ ಖರ್ಚು.
ಕ್ಲ್ಯಾಂಪು ಹಾಕಿದರೆ ಹತ್ತು ಆಂಪಿಯರು.
ಬೆರಳಿಟ್ಟೆ: ನಾಲ್ಕು ಓಮು.
ಹೊಸ ತಾಮ್ರವಾದರೆ ಇಷ್ಟುದ್ದಕ್ಕೆ ಎರಡೂ ಆಗದು.
ಇನ್ನೊಂದರ ಮೇಲೆ ಬೆರಳಿಟ್ಟೆ: ನಾನೂರು ವಾಟು,
ಗಿಡಕ್ಕಿಲ್ಲ, ಹೂವಿಗಿಲ್ಲ,
ಉದುರಿದ ಸಿಲ್ವರ್ ಎಲೆಗಳ ಮೇಲೆ ಸುಮ್ಮನೆ ಬಿಸಿ.
ಮೋಟಾರಿಗೆ ಈ ಲೆಕ್ಕ ಪೂರ್ತಿ ಕೂಡುವುದಿಲ್ಲ,
ಅದಕ್ಕೆ ಅದರದೇ ನಖರಾ. ತಂತಿಗೆ ಕೂಡುತ್ತದೆ.

ಏಳು ಕಡೆ ಗಂಟು ಹಾಕಿದ ತಂತಿ.
ಗಂಜಿ ಆರಿತೇ ಎಂದು ನೋಡುವ ಹಾಗೆ
ಮುಂಗೈ ಬೆನ್ನು ಹತ್ತಿರ ಹಿಡಿಯುತ್ತ ಬಂದೆ.
ಐದನೆಯದರಲ್ಲಿ ಸುತ್ತಿದ್ದ ಪ್ಲಾಸ್ಟಿಕ್ಕು ಕರಗಿ
ತಾಮ್ರ ಹಸಿರುಗಟ್ಟಿ
ಇರುವೆಗಳು ಬಳಸಿಕೊಂಡು ಹೋಗುತ್ತಿದ್ದವು.
ಅದೊಂದೇ ಗಂಟು ಹದಿನೈದು ವೋಲ್ಟು ನುಂಗುತ್ತಿತ್ತು.

ಅಲ್ಲಿಗೆ ಮುಗಿಯಬೇಕಿತ್ತು.
ಆದರೆ ಪಂಪಿನ ಕಡೆ ಹತ್ತು ಎಂದ ಕ್ಲ್ಯಾಂಪು
ಮೀಟರಿನ ಕಡೆ ಹತ್ತು ಪಾಯಿಂಟ್ ಎರಡು ಎಂದಿತ್ತು.
ಕರೆಂಟು ದಾರಿಯಲ್ಲಿ ಸವೆಯುವ ಸಾಮಾನಲ್ಲ.
ಕಮ್ಮಿಯಾಗಿದ್ದರೆ ನಡುವೆ ಯಾರದೋ ಮನೆ ಇದೆ.
ಪಾಯಿಂಟ್ ಎರಡು, ಇನ್ನೂರರ ಹತ್ತಿರದ ವೋಲ್ಟು:
ನಲವತ್ತು ವಾಟು. ಇಲ್ಲವೇ
ಹೊಟ್ಟೆಗಿಲ್ಲದೆ ಸೊರಗಿದ ಅರವತ್ತರ ಬಲ್ಬು.
ಹಗಲು ಹನ್ನೊಂದಕ್ಕೆ ಬಲ್ಬು ಯಾರು ಉರಿಸುತ್ತಾರೆ?

ಬೊಳ್ಳಚ್ಚಿ.
ಲೈನುಮನೆಯ ಹಿಂದೆ ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆ,
ಅದರಲ್ಲಿ ಹನ್ನೊಂದು ಮರಿ.
ತಾಯಿಕೋಳಿಯನ್ನು ಮುಂಗುಸಿ ಒಯ್ದಿತಂತೆ.
ಬಲ್ಬಿನಡಿ ಒಂದರೊಳಗೊಂದು ತೂರಿಕೊಂಡು
ಎಲ್ಲ ಸೇರಿ ಒಂದೇ ಕೋಳಿಯಂತಿದ್ದವು.
ಅವಳು ನನ್ನ ಕೈಯ ಮೀಟರು ನೋಡಿದಳು,
ನಾನು ಮರಿಗಳನ್ನು ನೋಡಿದೆ.
"ಈ ಕರೆಂಟಿಗೆ ಶಕ್ತಿಯೇ ಇಲ್ಲ ಅಕ್ಕ," ಎಂದಳು,
ತಪ್ಪೆಲ್ಲ ನನ್ನದೇ ಎಂಬಂತೆ.

ಫ್ಯೂಸು ಕಿತ್ತು ಜೇಬಿಗೆ ಹಾಕಿದೆ.
ಗಂಟು ಕತ್ತರಿಸಿ, ಹೊಳೆಯುವವರೆಗೆ ಉಜ್ಜಿ,
ಸ್ಲೀವು ತೊಡಿಸಿ ಒತ್ತಿದೆ.
ಫ್ಯೂಸು ಹಾಕಿ ಬರುವಷ್ಟರಲ್ಲಿ
ಬಲ್ಬು ಅರಿಶಿನ ಬಣ್ಣ ಬಿಟ್ಟು ಬೆಳ್ಳಗಾಗಿತ್ತು,
ಮರಿಗಳು ನಾಲ್ಕು ಮೂಲೆಗೆ ಓಡಿ
ಬಾಯಿ ತೆರೆದು ನಿಂತಿದ್ದವು.
ಬೊಳ್ಳಚ್ಚಿ ನನ್ನನ್ನೂ ಕರೆಂಟನ್ನೂ ಒಟ್ಟಿಗೆ ಬೈದು
ವಯರನ್ನು ಒಂದು ಗೇಣು ಮೇಲೆ ಕಟ್ಟಿದಳು.
ಮೆಲ್ಲಗೆ ಮತ್ತೆ ಸೇರಿದವು, ಈ ಸಲ
ನಡುನಡುವೆ ಸ್ವಲ್ಪ ಜಾಗ ಬಿಟ್ಟು.

ಚೆಂಗಪ್ಪನವರು ಜೀಪಿಳಿದು ಬಂದರು.
ಹದಿನೈದು ವೋಲ್ಟು ನಿಮ್ಮ ಗಂಟಿನಲ್ಲೇ ಇತ್ತು, ಎಂದೆ.
ಮಿಕ್ಕ ಆರು ಗಂಟು ನಾಳೆ.
ನಂಬಲಿಲ್ಲ. "ಎಲ್ಲಿ, ತೋರಿಸು."

ಮೀಟರಿನ ಬಳಿಯೇ ಕ್ಲ್ಯಾಂಪು ಹಾಕಿ ತೋರಿಸಿದೆ.
ಪಾಯಿಂಟಿನ ಆಚೆಗೆ ನನ್ನ ಹೆಬ್ಬೆರಳಿತ್ತು.

"ಹತ್ತು," ಎಂದು ಓದಿದರು.
ತೋಡಿನಾಚೆ ಸ್ಪ್ರಿಂಕ್ಲರು
ಬೆಳಿಗ್ಗೆಗಿಂತ ಒಂದು ಸಾಲು ದೂರದ ಗಿಡ ನೆನೆಸುತ್ತಿತ್ತು.