ಹುಳದ ಪಾಲು

ಚಿಂತಾಮಣಿಯಿಂದ ಒಂಬತ್ತೂಕಾಲರ ಬಸ್ಸು.
ಶಿಡ್ಲಘಟ್ಟ ಮೊದಲು ಮೂಗಿಗೆ ಸಿಗುತ್ತದೆ,
ಬೆಂದ ಹುಳದ ವಾಸನೆಯಾಗಿ, ಕಣ್ಣಿಗೆ ಆಮೇಲೆ.
ಖುದ್ದೂಸ್ ಸಾಹೇಬರ ಫಿಲೇಚರ್ ನಿಂತು ಹನ್ನೊಂದು ವರ್ಷ.
ಬಾಣಲೆಗಳಿದ್ದ ಸಾಲಿನಲ್ಲೀಗ
ಸೀರೆ ಹೊದ್ದು ನಿಂತ ಹಳೆಯ ವಾದ್ಯಗಳು.

ಯಾವುದರ ಕತೆಯೂ ಪೂರ್ತಿ ಗೊತ್ತಿಲ್ಲ.
ಕಾಲು ಹಾರ್ಮೋನಿಯಂ, ಯಾವುದೋ ನಾಟಕ ಕಂಪನಿ ಮುಳುಗಿದಾಗ
ಊಟದ ಬಾಕಿಗೆ ಹೋಟೆಲಿನವನ ಹತ್ತಿರ ಉಳಿದದ್ದು.
ಮಡಚಿದರೆ ಟ್ರಂಕಾಗುವ ಪಾದ್ರಿಯ ಆರ್ಗನ್,
ಎತ್ತಿನ ಗಾಡಿಯಲ್ಲಿ ಊರೂರು ಅಲೆದದ್ದು,
ಮರದ ಮೈಮೇಲೆ ಇನ್ನೂ ಹಗ್ಗದ ಬರೆ.
ಚಿನ್ನದ ಗಣಿಯ ಕ್ಲಬ್ಬಿನ ಪಿಯಾನೊ,
ಗುಜರಿಯವನು ಕಬ್ಬಿಣದ ತೂಕಕ್ಕೆ ಕೇಳುತ್ತಿದ್ದಾಗ
ಇವರು ಅಡ್ಡ ನಿಂತು
ಒಂದು ಲಾಟು ರೇಷ್ಮೆಯ ದುಡ್ಡು ಸುರಿದು ತಂದದ್ದು.

ಸಾಹೇಬರಿಗೆ ನುಡಿಸಲು ಬಾರದು.
ಚರಕದಿಂದ ಶುರುಮಾಡಿದ ಮನುಷ್ಯ,
ಕುದಿನೀರಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ
ಬೆರಳ ತುದಿಯ ಗೆರೆಗಳೇ ಅಳಿಸಿಹೋಗಿವೆ.
ರೇಷನ್ ಅಂಗಡಿಯ ಯಂತ್ರ
ಇವರನ್ನು ಇವರೆಂದು ಒಪ್ಪುವುದಿಲ್ಲ.

ಅದಕ್ಕೇ ನಾನು. ಮಿಷನ್ ಚರ್ಚಿನಲ್ಲಿ ಆರ್ಗನ್ ಕಲಿತು,
ಅಲ್ಲಿಗೆ ಕರೆಂಟಿನ ಕೀಬೋರ್ಡು ಬಂದ ಮೇಲೆ
ಕೈ ಖಾಲಿಯಾದವಳು.
‘ವಾರಕ್ಕೊಂದ್ಸಲ ಉಸಿರಾಡಿಸಿ ಹೋಗು ಸುಗುಣಮ್ಮ,
ಇಲ್ದಿದ್ರೆ ತಿದಿಯ ಚರ್ಮ ಸೆಟೆದುಹೋಗ್ತದೆ.’
ಒಂದು ಬನ್ನು, ಎರಡು ಲೋಟ ಚಹಾ.
ಬಸ್ಸು ನಮಗೆ ಪುಕ್ಕಟೆ ಎಂದರೂ ಕೇಳದೆ
ಮಡಚಿದ ಒಂದು ನೋಟು.

ಕಾಲು ಹಾರ್ಮೋನಿಯಮ್ಮಿನ ಮಧ್ಯಮ ತುಸು ಏರು.
ಬಿಚ್ಚಿ ನೋಡಿದೆ: ಹಿತ್ತಾಳೆಯ ನಾಲಗೆಯ ತುದಿಯನ್ನು
ಯಾರೋ ಬೇಕೆಂದೇ ಅರದಲ್ಲಿ ಸವರಿದ್ದಾರೆ.
ಯಾವ ನಟಿಯ ಗಂಟಲು ಅಲ್ಲೇ ಬಂದು ನಿಲ್ಲುತ್ತಿತ್ತೋ.
ಸರಿ ಮಾಡಲಾ, ಅಂದೆ.
‘ಬೇಡ. ಆಯಮ್ಮ ಬಂದ್ರೆ?’

ಹೋದ ಮಂಗಳವಾರ ಪಿಯಾನೊದ ಎದೆಹಲಗೆ ತೆಗೆದರೆ
ಹನ್ನೆರಡು ಸುತ್ತಿಗೆಗಳ ಉಣ್ಣೆ ಖಾಲಿ.
ಬೂದಿಬಣ್ಣದ ಪುಡಿ, ಪುಡಿಯೊಳಗೆ
ಅಕ್ಕಿಕಾಳಿನಷ್ಟು ಅಕ್ಕಿಕಾಳಿನಷ್ಟು ಗೂಡು,
ತಾವೇ ನೂತ ಎಳೆಯಲ್ಲಿ ಮೈ ಸುತ್ತಿಕೊಂಡವು.
ಸಾಹೇಬರು ಒಂದನ್ನು ಅಂಗೈಗೆ ಹಾಕಿಕೊಂಡು
ಕನ್ನಡಕ ಏರಿಸಿ
ಮಾರ್ಕೆಟ್ಟಿನಲ್ಲಿ ದರ ಕೂಗುವ ಮುಂಚಿನ ಮುಖದಲ್ಲಿ
ಬಹಳ ಹೊತ್ತು ನೋಡಿದರು.
‘ನಲವತ್ತು ವರ್ಷ ಇವುಗಳ ಬಳಗಾನ ಕುದಿಸಿದೀನಿ.
ಒಂದು ಪಿಯಾನೊ ಕೇಳಿದ್ರೆ ಹೆಚ್ಚಾಯ್ತಾ?’
ನಕ್ಕರು.
ಆಮೇಲೆ ನಗಲಿಲ್ಲ.

ಬೇವಿನೆಲೆ ಇಟ್ಟೆವು, ಕರ್ಪೂರ ಇಟ್ಟೆವು.
ನಾನು ಬ್ರಷ್ಷಿನಲ್ಲಿ ಗುಡಿಸಿದ್ದನ್ನೆಲ್ಲ
ಹಳೆಯ ಲೆಕ್ಕದ ಪುಸ್ತಕದ ಹಾಳೆಯಲ್ಲಿ ಪೊಟ್ಟಣ ಕಟ್ಟಿ
ಹಿತ್ತಲಿಗೆ ಹೋದರು,
ಹಿಪ್ಪುನೇರಳೆಯ ಬುಡದಲ್ಲಿ ಬಿಚ್ಚಿಟ್ಟು ಬಂದರು.
ಉಣ್ಣೆ ತಿನ್ನುವ ಹುಳಕ್ಕೆ ಸೊಪ್ಪು ಸೇರುವುದಿಲ್ಲವೆಂದು
ಅವರಿಗೆ ಗೊತ್ತಿಲ್ಲದ್ದೇನಲ್ಲ.

ಹೊಸ ಉಣ್ಣೆ ಚೆನ್ನೈನಿಂದ ಬರಬೇಕು, ತಿಂಗಳಾದೀತು.
‘ಅಲ್ಲೀವರೆಗೆ?’
‘ಉಳಿದದ್ದರಲ್ಲಿ ನುಡಿಸು.’

ನುಡಿಸಿದೆ, ಕೈಗೆ ಬಂದ ಒಂದು ಸಂಜೆಯ ಕೀರ್ತನೆ.
ನಡುನಡುವೆ ಬೋಳುಮರ ತಂತಿಗೆ ಬಡಿದು
ಟಕ್, ಟಕ್,
ಹಿಂದೆ ಇದೇ ಶೆಡ್ಡಿನಲ್ಲಿ ರಾಟೆ ಸದ್ದು ಹೀಗೇ ಇತ್ತಂತೆ.
ಹಾಡಿಗೆ ತೂತು ಬಿದ್ದಲ್ಲೆಲ್ಲ ಅವರು ತಲೆಯೆತ್ತಿದರು.
ಗೆರೆಯಿಲ್ಲದ ಹತ್ತೂ ಬೆರಳನ್ನು ಮರಕ್ಕೊತ್ತಿ
ಮುಗಿಯುವವರೆಗೂ ನಿಂತೇ ಇದ್ದರು.
ಸುಟ್ಟ ಚರ್ಮಕ್ಕೆ ಬಿಸಿ ತಿಳಿಯದು,
ನಡುಕ ತಿಳಿಯುತ್ತದಂತೆ.

ಚಿಂತಾಮಣಿಯಲ್ಲಿ ಇಳಿದು ಸೆರಗು ಕೊಡವುತ್ತೇನೆ,
ನೂಲಿಗಂಟಿ ಬಂದಿದೆ ಒಂದು ಗೂಡು,
ತಲೆ ಹೊರಗಿಟ್ಟು ತೆವಳುತ್ತ,
ಇನ್ನೂ ಹಸಿದು.