ಕ್ರಮಸಂಖ್ಯೆ ಹದಿನೇಳರ ನಾಲಗೆ

ಬೆಳಿಗ್ಗೆ ಆರೂ ಮುಕ್ಕಾಲರ ಬಸ್ಸು.
ಡ್ರೈವರನ ಹಿಂದಿನ ಸೀಟು ನನ್ನದಲ್ಲ, ಪೆಟ್ಟಿಗೆಯದು:
ನೀಲಿ ಐಸ್ ಪೆಟ್ಟಿಗೆ, ಅದರೊಳಗೆ ಹಂಗಾರಕಟ್ಟೆಯ
ಹನ್ನೊಂದು ಮಂದಿಯ ಒಂದಿಡೀ ದಿನದ ಮೂತ್ರ,
ಅಳೆದು, ಕುಲುಕಿ, ಚಿಕ್ಕ ಕೊಳವೆಗೆ ಬಗ್ಗಿಸಿದ್ದು.
ಕಂಡಕ್ಟರ್ ಕೇಳುತ್ತಾನೆ, "ಬಂಗುಡೆಯಾ ಸಿಸ್ಟರ್?"
"ಅಲ್ಲ ಮಾರಾಯ, ಉಪ್ಪು."
ಅವನು ನಗುವುದಿಲ್ಲ. ಉಪ್ಪಿಗೆ ಲಗೇಜು ಚಾರ್ಜಿಲ್ಲ.

ಸಾಸ್ತಾನ, ಬ್ರಹ್ಮಾವರ, ಸೇತುವೆಯ ಮೇಲೆ ಒಂದು ಕ್ಷಣ ಹೊಳೆ,
ಆಮೇಲೆ ಕಡಿಯಾಳಿ ದಾಟಿ ಗುಡ್ಡೆ ಹತ್ತುವಾಗ
ಪೆಟ್ಟಿಗೆ ನನ್ನ ಮೊಣಕಾಲಿಗೆ ಒರಗುತ್ತದೆ.
ಮೇಲೆ ಕಾಲೇಜು: ಗಾಜು, ಲಿಫ್ಟು, ಮೈನಸ್ ಎಂಬತ್ತರ ಫ್ರೀಜರು.
ಕೆಳಗೆ ನಾವು: ಇಪ್ಪತ್ತು ಹಾಸಿಗೆ, ಒಬ್ಬರೇ ಡಾಕ್ಟರ್ ತೌಸೀಫ್,
ಕರೆಂಟು ಹೋದರೆ ಐಸ್ ಪ್ಲಾಂಟಿಗೆ ಓಡುವ ವಾಚ್‌ಮನ್ ಬೂದ.
ಒಪ್ಪಂದದಲ್ಲಿ ಎರಡು ಸಹಿಯೂ ಅಕ್ಕಪಕ್ಕ.
ಅವರದು ಪ್ರಧಾನ ಕೇಂದ್ರ. ನಮ್ಮದು ಕೇಂದ್ರ ಸಂಖ್ಯೆ ನಾಲ್ಕು.

ಅಧ್ಯಯನ ಇಷ್ಟೇ:
ಬಿಳಿ ಪೊಟ್ಟಣದಲ್ಲಿ ಉಪ್ಪು. ಒಂದು ಮಾಮೂಲು,
ಇನ್ನೊಂದರಲ್ಲಿ ಕಾಲುಭಾಗ ಬೇರೆ ಲವಣ,
ರಕ್ತದೊತ್ತಡಕ್ಕೆ ಒಳ್ಳೆಯದಿರಬಹುದು.
ಯಾರಿಗೆ ಯಾವುದು, ನನಗೆ ಗೊತ್ತಿಲ್ಲ,
ತೌಸೀಫರಿಗೆ ಗೊತ್ತಿಲ್ಲ, ಗುಡ್ಡೆಯ ಪ್ರೊಫೆಸರಮ್ಮನಿಗೂ ಗೊತ್ತಿಲ್ಲ;
ಗೊತ್ತಿರುವುದು ಯಾವುದೋ ಬೀರುವಿನ ಮುಚ್ಚಿದ ಲಕೋಟೆಗೆ.
ಹೀಗೆ ಗೊತ್ತಿಲ್ಲದಿರುವುದಕ್ಕೆ ನಮಗೆಲ್ಲ
ಮೂರು ದಿನ ತರಬೇತಿ ಕೊಟ್ಟಿದ್ದರು, ಮಧ್ಯಾಹ್ನದ ಊಟ ಸಹಿತ.

ಅಪ್ಪಿ ಮರಕಾಲ್ತಿ, ಕ್ರಮಸಂಖ್ಯೆ ಹದಿನೇಳು.
ನಲವತ್ತು ವರ್ಷ ಕೋಡಿಬೆಂಗ್ರೆಯ ಮರಳಲ್ಲಿ ಮೀನಿಗೆ ಉಪ್ಪು ಹಾಕಿದವಳು.
ಒಂಬತ್ತು ಪುಟದ ಸಮ್ಮತಿ ಪತ್ರ, ಗ್ರಂಥದ ಕನ್ನಡ,
ನಾನೇ ಓದಿ, ನಾನೇ ತುಳುವಿಗೆ ತಿರುಗಿಸಿ ಹೇಳಿದೆ.
"ಯಾವಾಗ ಬೇಕಾದರೂ ಬಿಟ್ಟುಹೋಗಬಹುದು" ಎಂಬಲ್ಲಿ ತಡೆದಳು:
"ಇಂಥದ್ದೊಂದು ಸಾಲು ನನ್ನ ಮದುವೆಯಲ್ಲಿ ಯಾರೂ ಓದಲಿಲ್ಲವಲ್ಲ."
ಹೆಬ್ಬೆಟ್ಟು ಒತ್ತಿದರೆ ಗೆರೆ ಮೂಡಲಿಲ್ಲ,
ಉಪ್ಪು ತಿಂದಿತ್ತು. ಮೂರು ಸಲ ಒತ್ತಿಸಿದೆ. ಕೊನೆಗೆ ಎಡಗೈ.

ಎಂಟನೆಯ ದಿನ ಪೊಟ್ಟಣ ಹಿಡಿದೇ ಬಂದಳು.
ಗಂಜಿಗೆ ಹಾಕಿದ್ದಳಂತೆ. ನಾಲಗೆಯ ತುದಿಗೆ ಸರಿ,
ಬುಡದಲ್ಲಿ ಸಣ್ಣ ಕಹಿ, ಹಳೆಯ ನಾಣ್ಯ ನೆಕ್ಕಿದ ಹಾಗೆ.
"ಇದು ಸಮುದ್ರದ್ದಲ್ಲ. ನೆರೆಮನೆ ಲೀಲಾವತಿಯದ್ದೂ ನೋಡಿದೆ,
ಅವಳದ್ದು ಸಮುದ್ರದ್ದೇ."
ಬೀರುವಿನ ಲಕೋಟೆ ಗಂಜಿಯ ಬಟ್ಟಲಲ್ಲಿ ಬಿಚ್ಚಿಹೋಗಿತ್ತು.

ಫಾರ್ಮಿನಲ್ಲಿ ಹುಡುಕಿದೆ. ವಾಂತಿಗೆ ಜಾಗವಿತ್ತು, ತಲೆಸುತ್ತಿಗಿತ್ತು,
ಸಾವಿಗೂ ಒಂದು ಚೌಕ. ನಾಲಗೆಗೆ ಇರಲಿಲ್ಲ.
ಅಂಚಿನಲ್ಲಿ ಬರೆಯಬೇಡಿ ಸಿಸ್ಟರ್, ಎಂದಿದ್ದ
ಗುಡ್ಡೆಯಿಂದ ತಪಾಸಣೆಗೆ ಬರುವ ಹುಡುಗ.
ಅಂಚಿನಲ್ಲೇ ಬರೆದೆ. ತೌಸೀಫರು ಓದಿದರು, ತುಂಬ ಹೊತ್ತು
ಪೆನ್ನಿನ ಮುಚ್ಚಳ ಹಾಕಿ ತೆಗೆದು, ಕೆಳಗೆ ಸಹಿ ಮಾಡಿದರು.
ಆಮೇಲೆ ಫೋನು. ಆ ಕಡೆ ಪ್ರೊಫೆಸರಮ್ಮ ಸುಮ್ಮನಾದರು.
ಬೈಯುತ್ತಾರೆಂದು ಕಾದೆವು.
"ನಾವಿಲ್ಲಿ ಹನ್ನೆರಡು ಮಂದಿ ರುಚಿ ನೋಡಿ
ಎರಡೂ ಒಂದೇ ಅಂತ ಬರೆದಿದ್ದೇವೆ," ಅಂದರು.
ಮತ್ತೆ ಸುಮ್ಮನಾದರು.

ಗುರುವಾರ ಅವರೇ ಗುಡ್ಡೆ ಇಳಿದು ಬಂದರು.
ಕಾರು ಮರಳಲ್ಲಿ ಹೂತಿತು, ಬೂದ ನೂಕಿದ.
ಅಪ್ಪಿ ಎದ್ದು ನಿಲ್ಲಲಿಲ್ಲ; ಕೈ ಬಂಗುಡೆಯ ಹೊಟ್ಟೆಯಲ್ಲಿತ್ತು.
ಏಳು ಬಟ್ಟಲು ಇಟ್ಟರು. ಆರನ್ನು ಸರಿಯಾಗಿ ಹೇಳಿದಳು.
ಏಳನೆಯದಕ್ಕೆ "ಎಂಕ್ ಗೊತ್ತುಜ್ಜಿ" ಎಂದಳು,
ಯಾವ ತರಬೇತಿಯೂ ಇಲ್ಲದೆ.
ಪ್ರೊಫೆಸರಮ್ಮ ಬರೆದುಕೊಂಡರು. ಅಂಚಿನಲ್ಲಲ್ಲ, ಹಾಳೆಯ ನಡುವೆ.

ಎರಡು ವರ್ಷ ಕಳೆದು ಈಗ ವರದಿ ಬಂದಿದೆ.
ಮೂವತ್ತೊಂದು ಹೆಸರು; ತೌಸೀಫರದು ಇಪ್ಪತ್ತೆಂಟನೆಯದು.
ಕೊನೆಗೆ ಒಂದು ಸಾಲು, ಭಾಗವಹಿಸಿದ ಎಲ್ಲರಿಗೂ ಕೃತಜ್ಞತೆ.
ಉಪ್ಪು ಕೊಟ್ಟವರನ್ನು ಮುಪ್ಪಿನ ತನಕ ನೆನೆ ಎನ್ನುತ್ತಾರೆ.
ಇಲ್ಲಿ ಕೊಟ್ಟದ್ದು ಯಾರು, ತಿಂದದ್ದು ಯಾರು,
ಪುಟ ತಿರುವಿ ತಿರುವಿ ನೋಡಿದೆ.

ಭಾನುವಾರ. ಕೋಡಿಬೆಂಗ್ರೆಯ ದೋಣಿಯಲ್ಲಿ ನಿಂತಿದ್ದೇನೆ,
ವರದಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬಗಲಲ್ಲಿದೆ.
ಒತ್ತಡ ನಾಲ್ಕು ಅಂಕ ಇಳಿದಿದೆ ಎಂದು ತುಳುವಿಗೆ ತಿರುಗಿಸಬೇಕು.
ಅವಳು ಕೇಳುವುದು ಅದನ್ನಲ್ಲ, ಗೊತ್ತು:
ಆ ಏಳನೆಯ ಬಟ್ಟಲಲ್ಲಿ ಏನಿತ್ತು?
ಅದು ವರದಿಯಲ್ಲಿಲ್ಲ.
ನಿನ್ನೆ ರಾತ್ರಿ ಗುಡ್ಡೆಗೆ ಫೋನು ಮಾಡಿ
ಕೇಳಿ ಇಟ್ಟುಕೊಂಡಿದ್ದೇನೆ.